ತೂಕ ಇಳಿಕೆ ಶಸ್ತ್ರಚಿಕಿತ್ಸೆಯ ನಂತರ ಜೈನ ಮನೆಯ ತಿಂಡಿ: ಸೂರ್ಯಾಸ್ತದೊಳಗಿನ ಲೆಕ್ಕ

ಅತಿಯಾದ ಬೊಜ್ಜು ಮತ್ತು ಅದರೊಂದಿಗೆ ಬರುವ ಸಕ್ಕರೆ ಕಾಯಿಲೆಗಾಗಿ ತೂಕ ಇಳಿಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು ನಮ್ಮ ಸಮಾಜದಲ್ಲೂ ಇದ್ದಾರೆ. ಆಸ್ಪತ್ರೆಯಿಂದ ಮನೆಗೆ ಬರುವಾಗ ಕೈಗೆ ಸಿಗುವ ಆಹಾರ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊಟ್ಟೆ, ಕ್ಯಾರೆಟ್ ಸೂಪ್, ಮೊಳಕೆಕಾಳು, ರಾತ್ರಿ 8ರ ಊಟ ಇರುತ್ತವೆ. ಇವನ್ನೆಲ್ಲ ಹೊಡೆದುಹಾಕಿ ಗಂಜಿ, ಹಣ್ಣು, ಹಾಲಿನಲ್ಲೇ ದಿನ ಕಳೆದರೆ ತೂಕದ ಜೊತೆಗೆ ಮೈಯ ಶಕ್ತಿಯೂ ಇಳಿಯುತ್ತದೆ. ಆಚಾರ ಬಿಡದೆ, ಪೋಷಣೆಯೂ ಕುಂದದಂತೆ ತಿಂಡಿ ಆರಿಸಿಕೊಳ್ಳುವ ಮಾಹಿತಿ ಇಲ್ಲಿದೆ.

ಹೊಟ್ಟೆಯಲ್ಲಿ ಆಗುವ ಬದಲಾವಣೆ

ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಶೇ. 75–80 ಭಾಗವನ್ನು ತೆಗೆಯುತ್ತಾರೆ. ಬೈಪಾಸ್‌ನಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಸಣ್ಣ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಒಂದು ಹೊತ್ತಿಗೆ ಹಿಡಿಯುವುದು ಸ್ವಲ್ಪ. ಆದರೆ ದಿನಕ್ಕೆ ಸಾಮಾನ್ಯವಾಗಿ ಕನಿಷ್ಠ 60 ಗ್ರಾಂ ಪ್ರೋಟೀನ್, ಒಂದೂವರೆಯಿಂದ ಎರಡು ಲೀಟರ್ ನೀರು ಬೇಕು. ಅದಕ್ಕಾಗಿಯೇ ಮೂರು ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕಾಗುತ್ತದೆ. ಇಲ್ಲಿ ತಿಂಡಿ ಎಂದರೆ ಬಾಯಿ ಚಪಲವಲ್ಲ, ಊಟದ ಭಾಗವೇ.

ಮೊದಲ ಎರಡು ವಾರ ದ್ರವ, ನಂತರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು, ಸುಮಾರು 6–8 ವಾರಗಳ ನಂತರ ಗಟ್ಟಿ ಆಹಾರ ಎಂಬುದು ಸಾಮಾನ್ಯ ಕ್ರಮ. ಕೆಳಗಿನ ತಿಂಡಿಗಳನ್ನು ವೈದ್ಯರು ಆ ಹಂತಕ್ಕೆ ಒಪ್ಪಿಗೆ ಕೊಟ್ಟ ಮೇಲೆಯೇ ಶುರು ಮಾಡಬೇಕು.

ಒಪ್ಪುವ ತಿಂಡಿಗಳು

- ಪನೀರ್: 50 ಗ್ರಾಂನಲ್ಲಿ ಸುಮಾರು 9 ಗ್ರಾಂ ಪ್ರೋಟೀನ್. ಮನೆಯಲ್ಲೇ ಹಾಲಿಗೆ ನಿಂಬೆರಸ ಹಾಕಿ ಒಡೆಸಿ, ಮೆತ್ತಗೆ ಪುಡಿ ಮಾಡಿ ಕೊಡಬಹುದು.
- ಹುರಿಗಡಲೆ ಹಿಟ್ಟು: 30 ಗ್ರಾಂನಲ್ಲಿ ಸುಮಾರು 6 ಗ್ರಾಂ. ನೀರಿನಲ್ಲಿ ಕದಡಿ ಜೀರಿಗೆ ಪುಡಿ, ಚೂರು ಉಪ್ಪು ಹಾಕಿದರೆ ಸಾಕು.
- ಹೆಸರುಬೇಳೆ: 30 ಗ್ರಾಂ ಬೇಳೆಯಲ್ಲಿ ಸುಮಾರು 7 ಗ್ರಾಂ. ಮೊದಲು ತೆಳು ತೊವ್ವೆ, ನಂತರ ಎಣ್ಣೆ ಕಡಿಮೆ ಹಾಕಿದ ಸಣ್ಣ ದೋಸೆ.
- ಸೋಯಾ ಚಂಕ್ಸ್: 20 ಗ್ರಾಂನಲ್ಲಿ ಸುಮಾರು 10 ಗ್ರಾಂ. ಬೇಯಿಸಿ, ಹಿಂಡಿ, ಪುಡಿ ಮಾಡಿ ಪಲ್ಯ ಮಾಡಬಹುದು.
- ಹಾಲು: 200 ಮಿ.ಲೀ.ಗೆ ಸುಮಾರು 6 ಗ್ರಾಂ. ಸಕ್ಕರೆ ಬೇಡ.
- ಶೇಂಗಾ: 20 ಗ್ರಾಂನಲ್ಲಿ ಸುಮಾರು 5 ಗ್ರಾಂ. ಮಣ್ಣಿನೊಳಗೆ ಬೆಳೆದರೂ ಇದು ಕಾಳು, ಗೆಡ್ಡೆಯಲ್ಲ. ಗಟ್ಟಿ ಆಹಾರ ಶುರುವಾದ ಮೇಲೆ, ಚೆನ್ನಾಗಿ ಅಗಿದು ತಿನ್ನಬೇಕು.

ದ್ವಿದಳ ನಿಯಮ ಪಾಲಿಸುವವರು ಬೇಳೆಕಾಳಿನ ತಿಂಡಿಯನ್ನು ಮೊಸರು, ಮಜ್ಜಿಗೆಯೊಂದಿಗೆ ಬೆರೆಸಬಾರದು. ಹೊಟ್ಟೆ ಸಣ್ಣದಾದವರಿಗೆ ಇದು ಕಷ್ಟವೇನಲ್ಲ. ಬೇಳೆಯದು ಒಂದು ಹೊತ್ತು, ಮೊಸರು ಇನ್ನೊಂದು ಹೊತ್ತು ಎಂದು ಹಂಚಿದರಾಯಿತು. ಢೋಕ್ಲಾಕ್ಕೂ ಮೊಸರಿನ ಬದಲು ನಿಂಬೆರಸ ಹಾಕಬಹುದು.

ದೂರ ಇಡಬೇಕಾದವು

ಮೈಸೂರು ಪಾಕ್, ಹೋಳಿಗೆ, ಪಾಯಸ, ಕಬ್ಬಿನ ಹಾಲು, ಸಿಹಿ ಜ್ಯೂಸ್ ತೆಗೆದುಕೊಂಡರೆ, ವಿಶೇಷವಾಗಿ ಬೈಪಾಸ್ ಆದವರಿಗೆ, ಅರ್ಧ ಗಂಟೆಯೊಳಗೆ ಎದೆ ಬಡಿತ, ಬೆವರು, ಹೊಟ್ಟೆ ನುಲಿತ, ಭೇದಿ ಆಗಬಹುದು. ಬೆಲ್ಲಕ್ಕೂ ಇದೇ ಮಾತು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಜೈನ ತಿಂಡಿ ಎಂದು ಬರೆದಿದ್ದರೂ ಕರಿದ ತಿಂಡಿಯೇ. ಖಾಖ್ರಾ ಕರಿದದ್ದಲ್ಲ, ಆದರೆ ಪ್ರೋಟೀನ್ ಕಡಿಮೆ. ಬ್ರೆಡ್, ಬನ್, ಮುದ್ದೆ ಮೊದಲ ತಿಂಗಳುಗಳಲ್ಲಿ ಅಂಟಿಕೊಂಡು ಸಿಕ್ಕಿಹಾಕಿಕೊಂಡಂತಾಗುತ್ತವೆ. ಸೋಡಾ ಬೇಡ. ತಿನ್ನುವಾಗ ನೀರು ಕುಡಿಯದೆ, ತಿಂದ ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಬೇಕು.

ಸೂರ್ಯಾಸ್ತದ ಲೆಕ್ಕ

ಬೆಂಗಳೂರಿನಲ್ಲಿ ಜುಲೈ ಮೊದಲ ವಾರ ಸೂರ್ಯಾಸ್ತ ಸುಮಾರು 6.50ಕ್ಕೆ, ನವೆಂಬರ್‌ನಲ್ಲಿ ಸುಮಾರು 5.50ಕ್ಕೆ. ಬೆಳಿಗ್ಗೆ, ಸಂಜೆ ಒಂದೊಂದು ಮುಹೂರ್ತ, ಅಂದರೆ 48 ನಿಮಿಷ ಬಿಡುವವರಿಗೆ ಚಳಿಗಾಲದಲ್ಲಿ ಉಳಿಯುವುದು ಸುಮಾರು ಹತ್ತು ಗಂಟೆ. ಅಷ್ಟರಲ್ಲಿ ಹೀಗೆ ಹಂಚಬಹುದು: 7.30ಕ್ಕೆ ಹಾಲು, 9.30ಕ್ಕೆ ಹೆಸರುಬೇಳೆ ದೋಸೆ, 11.30ಕ್ಕೆ ಪನೀರ್, 1.30ಕ್ಕೆ ತೊವ್ವೆಯ ಊಟ, 3.15ಕ್ಕೆ ಹುರಿಗಡಲೆ ಹಿಟ್ಟು, 4.45ಕ್ಕೆ ಸೋಯಾ ಪಲ್ಯ. ಮೇಲಿನ ಅಳತೆಯಲ್ಲಿ ಇದೆಲ್ಲ ಸೇರಿ ಸುಮಾರು 45 ಗ್ರಾಂ. ಉಳಿದ 15 ಗ್ರಾಂಗೆ ಹೆಚ್ಚಿನವರಿಗೆ ಪ್ರೋಟೀನ್ ಪುಡಿ ಬೇಕಾಗುತ್ತದೆ. ಹಸಿರು ಗುರುತು ನೋಡಿ ಕೊಳ್ಳಬೇಕು. ಸೋಯಾ ಅಥವಾ ಬಟಾಣಿ ಪುಡಿಯಾದರೆ ನೀರಿನಲ್ಲಿ ಬೆರೆಸಬೇಕು.

ಲಗ್ಗೆರೆ, ಪೀಣ್ಯ ಕಡೆ ಕಾರ್ಖಾನೆ ಪಾಳಿಯಲ್ಲಿ ದುಡಿಯುವವರ ತೊಂದರೆ ಬೇರೆ. ಮಧ್ಯಾಹ್ನ 2ಕ್ಕೆ ಹೋಗಿ ರಾತ್ರಿ 10ಕ್ಕೆ ಬಿಡುವ ಪಾಳಿಯಲ್ಲಿ ಸಂಜೆಯ ಆಹಾರ ತಪ್ಪಿದರೆ, ಮಧ್ಯಾಹ್ನದ ಊಟದಿಂದ ಮರುದಿನ ಬೆಳಿಗ್ಗೆವರೆಗೆ ಹೊಟ್ಟೆ ಖಾಲಿ. ಕ್ಯಾಂಟೀನಿನಲ್ಲಿ ಈರುಳ್ಳಿ ಇಲ್ಲದ ತಿಂಡಿ ಸಿಗುವುದೂ ಕಷ್ಟ. ಪನೀರ್ ಅಥವಾ ಸೋಯಾ ಪಲ್ಯದ ಸಣ್ಣ ಡಬ್ಬಿ ಜೊತೆಗಿರಲಿ, ಚಹಾ ವಿರಾಮದಲ್ಲೇ ಮುಗಿಯಲಿ. ಮೊದಲ ಕೆಲವು ತಿಂಗಳು ಜನರಲ್ ಶಿಫ್ಟ್‌ಗೆ ವೈದ್ಯರ ಪತ್ರ ಕೊಟ್ಟು ಕೇಳುವುದು ಒಳ್ಳೆಯದು.

ಮಾತ್ರೆಗಳು

ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪರ್ಯಂತ ಬೇಕಾಗುತ್ತವೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರವಿರಬೇಕು. ಆದ್ದರಿಂದ ಇವನ್ನೂ ಹಗಲಿನ ವೇಳಾಪಟ್ಟಿಯಲ್ಲೇ ಸೇರಿಸಬೇಕು. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ. ವಿಟಮಿನ್ ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಮಾತ್ರೆ ನಿಲ್ಲಿಸುವುದು ಪರಿಹಾರವಲ್ಲ. ಸಸ್ಯಮೂಲದ ಕ್ಯಾಪ್ಸೂಲ್, ಕಲ್ಲುಹೂವಿನಿಂದ ಮಾಡಿದ ಡಿ3 ಕೂಡ ಇವೆ. ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬಹುದು.

ವ್ರತ, ಉಪವಾಸ

ದಶಲಕ್ಷಣ ಪರ್ವ ಬಂದಾಗ ಉಪವಾಸ ಅಥವಾ ಏಕಭುಕ್ತ ಮಾಡುವ ಆಸೆ ಸಹಜ. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಅದು ಅಪಾಯ. ನಿರ್ಜಲ ಉಪವಾಸದಿಂದ ದೇಹ ಬೇಗ ಒಣಗುತ್ತದೆ. ಪದೇ ಪದೇ ವಾಂತಿಯಾಗಿ ಆಹಾರ ನಿಲ್ಲದಿದ್ದರೆ ವಿಟಮಿನ್ ಬಿ1 ಕಡಿಮೆಯಾಗಿ ನರ, ಮಿದುಳಿಗೆ ಹಾನಿಯಾಗಬಹುದು. ವಾಂತಿ ಒಂದೆರಡು ದಿನದಲ್ಲಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ, ನಡೆ ತೂರಾಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಾತ್ರಿ ನೀರನ್ನೂ ಬಿಟ್ಟವರು ವೈದ್ಯರಿಗೆ ಅದನ್ನು ಮುಚ್ಚಿಡದೆ ಹೇಳಿ, ಚೇತರಿಸಿಕೊಳ್ಳುವವರೆಗೆ ನೀರಿನ ವಿನಾಯಿತಿ ಬಗ್ಗೆ ಗುರುಗಳಲ್ಲಿ ಕೇಳಿಕೊಳ್ಳಬೇಕು.

ಬಾಹ್ಯ ತಪಸ್ಸು ಆರರಲ್ಲಿ ಅನಶನದ ನಂತರ ಬರುವುದೇ ಅವಮೌದರ್ಯ, ಅಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ಶಸ್ತ್ರಚಿಕಿತ್ಸೆಯಾದವರು ದಿನವೂ ಮಿತವಾಗಿ, ನಿಧಾನವಾಗಿ ಅಗಿದು, ಹೊತ್ತಿಗೆ ಸರಿಯಾಗಿ ತಿನ್ನುವುದೂ ಸಂಯಮವೇ. "ಇನ್ನೊಂದು ತುತ್ತು" ಎಂದು ಮನೆಯವರು ಬಲವಂತ ಮಾಡದಿರುವುದು ಮತ್ತು ಸಂಜೆಯ ಡಬ್ಬಿಯನ್ನು ಮರೆಯದೆ ಕಟ್ಟಿಕೊಡುವುದು ಅವರಿಗೆ ಮಾಡುವ ದೊಡ್ಡ ಸೇವೆ.