ಅಪ್ಪನ ಬೀರುವಿನಲ್ಲಿದ್ದ ಬಾಟಲಿ

ಇವತ್ತಿನ ಎಪಿಸೋಡ್ ಶುರುವಾಗೋದು ಜಯನಗರದ ನಮ್ಮ ಮನೆಯ ಸ್ಟೀಲ್ ಬೀರುವಿನಿಂದ.

ಅಪ್ಪ ತೀರಿಕೊಂಡು ಒಂದು ವರ್ಷ ಆಯ್ತು. ಮೊನ್ನೆ ಅಮ್ಮ, ನಾನು ಕೂತು ಬೀರು ಖಾಲಿ ಮಾಡ್ತಿದ್ವಿ. ಎಲ್‌ಐಸಿ ಬಾಂಡ್‌ಗಳ ಹಿಂದೆ, ಹಳೇ ಪಂಚೆಯಲ್ಲಿ ಸುತ್ತಿದ ಬಾಟಲಿ ಸಿಕ್ಕಿತು. ಅಮೃತ್ ಫ್ಯೂಷನ್ ವಿಸ್ಕಿ, ಸೀಲ್ ಒಡೆದಿಲ್ಲ. ಜೊತೆಗೆ 2012ರ ಬಿಲ್ಲು, ಅಂದ್ರೆ ನನ್ನ ಎಸ್ಸೆಸ್ಸೆಲ್ಸಿ ವರ್ಷದ್ದು. ಬಿಲ್ಲಿನ ಹಿಂದೆ ಪೆನ್ಸಿಲ್‌ನಲ್ಲಿ ಅಪ್ಪನ ಅಕ್ಷರ: "ಮಗಳ ಮೊದಲ ಸಂಬಳಕ್ಕೆ."

"ನನಗೆ ಗೊತ್ತೇ ಇರ್ಲಿಲ್ಲ ಕಣೇ" ಅಂದ್ರು ಅಮ್ಮ. ಫೋಟೋ ನೋಡಿದ ಚಿಕ್ಕಪ್ಪನ ಮಗ, "ಒಡೀಬೇಡ ಅಕ್ಕ, ಇಟ್ಕೊಂಡ್ರೆ ರೇಟ್ ಏರುತ್ತೆ" ಅಂದ. ನಾನು ಬಿಕಾಂ ಓದಿದವಳು. ಇದರ ಲೆಕ್ಕ ನೋಡಲೇಬೇಕು ಅನ್ನಿಸ್ತು.

ಲೆಕ್ಕ ಹುಡುಕ್ತಾ ಹೋದ್ರೆ ಇನ್ನೊಂದು ಅಪ್ಪ-ಮಕ್ಕಳ ಕಥೆ ಸಿಕ್ಕಿತು. 1948ರಲ್ಲಿ ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಅಮೃತ್ ಡಿಸ್ಟಿಲರೀಸ್ ಶುರು ಮಾಡಿದರು. 1976ರಲ್ಲಿ ಅವರು ತೀರಿಕೊಂಡ ಮೇಲೆ ಜವಾಬ್ದಾರಿ ಮಗ ನೀಲಕಂಠ ಜಗದಾಳೆಯವರ ಹೆಗಲಿಗೆ ಬಂತು. ಅವರು ಬಾರ್ಲಿಯಿಂದ ಮಾಲ್ಟ್ ವಿಸ್ಕಿ ಮಾಡಿಸಿದರು. ಆದರೆ ಅದು ಹೋಗ್ತಿದ್ದದ್ದು ಬ್ಲೆಂಡ್‌ಗಳಿಗೆ, ಬೇರೆ ಮದ್ಯದ ಜೊತೆ ಬೆರೆಸೋಕೆ. ನೀಲಕಂಠ ಅವರ ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದ್ತಿದ್ದಾಗ, ಭಾರತದ ಮಾಲ್ಟನ್ನು ಅಲ್ಲೇ ಮಾರಬಹುದಾ ಅಂತ ಸರ್ವೆ ಮಾಡಿದರು. ಕೊನೆಗೆ 2004ರ ಆಗಸ್ಟ್‌ನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆ ಆಗಿದ್ದು ಎಲ್ಲಿ ಗೊತ್ತಾ? ಸ್ಕಾಚ್‌ನ ತವರು ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ!

ಮುಂದೆ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ 'ವಿಸ್ಕಿ ಬೈಬಲ್'ನಲ್ಲಿ ಫ್ಯೂಷನ್‌ಗೆ 100ಕ್ಕೆ 97 ಅಂಕ ಕೊಟ್ಟು, ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಅಂದರು. ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾದ ವಿಸ್ಕಿ ಇದು. ಅಪ್ಪನಂಥವರು ಅದನ್ನು ಹುಡುಕಿಕೊಂಡು ಹೋಗಿದ್ದು ಆ ಹೆಮ್ಮೆಗೇ ಇರಬೇಕು.

ಈಗ ಲೆಕ್ಕ. ವಿಸ್ಕಿ ಹದವಾಗೋದು ಮರದ ಪೀಪಾಯಿಯಲ್ಲಿ. ಅಲ್ಲಿ ಅದು ಆವಿಯಾಗಿ ಕಮ್ಮಿಯಾಗ್ತಾ ಹೋಗುತ್ತೆ. ಈ ನಷ್ಟಕ್ಕೆ ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡ್‌ನಲ್ಲಿ ಅದು ವರ್ಷಕ್ಕೆ ಸುಮಾರು 2%, ನಮ್ಮ ಬೆಂಗಳೂರಲ್ಲಿ 10%ಕ್ಕೂ ಹೆಚ್ಚು. ಕಾಮರ್ಸ್‌ನವರಿಗೆ ಗೊತ್ತಿರುತ್ತೆ, ಥೇಟ್ ಡಬ್ಲ್ಯುಡಿವಿ ಡಿಪ್ರಿಸಿಯೇಷನ್. 10% ಅಂತಲೇ ಇಟ್ಕೊಳ್ಳಿ: 100 ಲೀಟರ್ 90 ಆಗುತ್ತೆ, ಆಮೇಲೆ 81, ಆಮೇಲೆ 72.9. ನಾಲ್ಕು ವರ್ಷಕ್ಕೆ ಉಳಿಯೋದು 65.6 ಲೀಟರ್. ಅದಕ್ಕೇ ಇಲ್ಲಿ ಪೀಪಾಯಿಯನ್ನು ದಶಕಗಟ್ಟಲೆ ಬಿಡೋಕೆ ಆಗಲ್ಲ. ಸೆಕೆಯಲ್ಲಿ ಹದವೂ ಬೇಗ ಬರುತ್ತೆ, ಸರಿಯಾದ ಹೊತ್ತಿಗೆ ಹೊರಗೆ ತೆಗೀಬೇಕು.

ಆದರೆ ಬಾಟಲಿಗೆ ತುಂಬಿ ಮುಚ್ಚಳ ಹಾಕಿದ ದಿನವೇ ವಿಸ್ಕಿಯ ವಯಸ್ಸು ನಿಂತುಹೋಗುತ್ತೆ. ಬೀರುವಿನಲ್ಲಿ ಇಷ್ಟು ವರ್ಷ ಇದ್ದರೂ ಅದು ಒಂದು ದಿನವೂ ಹಳತಾಗಿಲ್ಲ. ಹಳಬರಾಗಿದ್ದು ನಾವು. ಇನ್ನು ರೇಟ್ ವಿಷಯ. ಲೈಸೆನ್ಸ್ ಇಲ್ಲದೆ ಮದ್ಯ ಮಾರೋದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಅಂದ್ರೆ ಬೆಲೆ ಎಷ್ಟೇ ಏರಲಿ, ನನ್ನ ಬ್ಯಾಲೆನ್ಸ್ ಶೀಟಿಗೆ ಅದು ಬರಲ್ಲ.

ಇನ್ನೊಂದು ವಿಷಯ ಹೇಳ್ಬೇಕು. ನನ್ನ ಮೊದಲ ಸಂಬಳ 2018ರಲ್ಲೇ ಬಂತು. ಆಗ ಪುಣೆಯಲ್ಲಿದ್ದೆ. ಅಪ್ಪ ಫೋನ್ ಮಾಡಿ, "ಈ ವೀಕೆಂಡ್ ಬರ್ತೀಯಾ?" ಅಂತ ಕೇಳಿದ್ರು. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಫ್ರೆಂಡ್ಸ್ ಜೊತೆ ಲೋಣಾವಳಕ್ಕೆ ಹೋಗಿದ್ದೆ.

ಮೊನ್ನೆ ಭಾನುವಾರ ಸೀಲ್ ಒಡೆದೆ. ಅಮ್ಮ ಕುಡಿಯಲಿಲ್ಲ, ಒಮ್ಮೆ ಮೂಸಿ ನೋಡಿ, "ಇದಕ್ಕಾ ನಿಮ್ಮಪ್ಪ ಅಷ್ಟು ಜೋಪಾನ ಮಾಡಿದ್ದು?" ಅಂತ ನಕ್ಕರು. ನಾನು ಸ್ವಲ್ಪ ನೀರು ಬೆರೆಸಿ ಒಂದು ಗುಟುಕು ಕುಡಿದೆ. ಬಿಲ್ಲು ಪರ್ಸಿನಲ್ಲಿಟ್ಟುಕೊಂಡಿದ್ದೀನಿ.

ನಿಮ್ಮ ಮನೆಯ ಬೀರುವಿನಲ್ಲೂ ಏನಾದ್ರೂ ಇರಬಹುದು. ಇಟ್ಟವರು ಇದ್ದಾಗಲೇ ಕೇಳಿಬಿಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.