ತಪ್ಪು ಮಾಡದಿದ್ದರೆ ಟ್ರಾಫಿಕ್ ಪೊಲೀಸರು ಕೈ ತೋರಿಸಿದರೂ ನಿಲ್ಲಬೇಕಿಲ್ಲವೇ? ಇಲ್ಲಿದೆ ಸತ್ಯಾಂಶ

ಕಣ್ಣಿಗೆ ಕಾಣುವಂಥ ತಪ್ಪು ಮಾಡದಿದ್ದರೆ ಟ್ರಾಫಿಕ್ ಪೊಲೀಸರು ಗಾಡಿ ನಿಲ್ಲಿಸುವಂತಿಲ್ಲ, ಕೈ ತೋರಿಸಿದರೂ ನೀವು ನಿಲ್ಲಬೇಕಿಲ್ಲ, ದಾಖಲೆ ತೋರಿಸಬೇಕಿಲ್ಲ ಎಂಬ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ಬಿಟಿಎಂ ಲೇಔಟ್‌ನಿಂದ ಸಿಲ್ಕ್ ಬೋರ್ಡ್ ಅಥವಾ ಜಯದೇವ ಜಂಕ್ಷನ್ ದಾಟಿ ದಿನವೂ ಕೆಲಸಕ್ಕೆ ಹೋಗುವವರು ಇದನ್ನು ನಂಬಿದರೆ ತೊಂದರೆಗೆ ಸಿಲುಕಬಹುದು. ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ನೋಡೋಣ.

ಸಂದೇಶ ಹುಟ್ಟಿದ್ದು ಎಲ್ಲಿಂದ?

2022ರ ಜೂನ್‌ನಲ್ಲಿ ಆಗಿನ ರಾಜ್ಯ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು ಟ್ವಿಟರ್‌ನಲ್ಲಿ ಒಂದು ಸೂಚನೆ ಪ್ರಕಟಿಸಿದರು. ಬರಿಗಣ್ಣಿಗೆ ಕಾಣುವ ಸಂಚಾರ ಉಲ್ಲಂಘನೆ ಇಲ್ಲದಿದ್ದರೆ, ಕೇವಲ ದಾಖಲೆ ಪರಿಶೀಲನೆಗಾಗಿ ವಾಹನ ನಿಲ್ಲಿಸಬಾರದು. ಕುಡಿದು ವಾಹನ ಚಲಾಯಿಸುವವರ ತಪಾಸಣೆಗೆ ಮಾತ್ರ ಇದು ಅನ್ವಯಿಸುವುದಿಲ್ಲ ಎಂಬುದು ಅದರ ಸಾರ. ಇದನ್ನು ಕೂಡಲೇ ಜಾರಿಗೊಳಿಸುವಂತೆ ಬೆಂಗಳೂರು ಪೊಲೀಸರಿಗೂ ತಿಳಿಸಿದ್ದರು.

ಅಂದರೆ ಸಂದೇಶದ ಮೊದಲ ಭಾಗ ಬಹುಮಟ್ಟಿಗೆ ನಿಜ. ಹೆಲ್ಮೆಟ್ ಇಲ್ಲದಿರುವುದು, ಸಿಗ್ನಲ್ ಜಂಪ್, ಒನ್‌ವೇಯಲ್ಲಿ ಎದುರಿನಿಂದ ಬರುವುದು, ಚಲಾಯಿಸುತ್ತಾ ಮೊಬೈಲ್ ಹಿಡಿಯುವುದು ಇವೆಲ್ಲ ಕಣ್ಣಿಗೆ ಕಾಣುವ ಉಲ್ಲಂಘನೆಗಳು. ಇವುಗಳಿಗೆ ಖಂಡಿತ ನಿಲ್ಲಿಸಬಹುದು.

ಹಾಗಾದರೆ ನಿಲ್ಲಿಸದೆ ಹೋಗಬಹುದೇ?

ಇಲ್ಲ. ಆ ಸೂಚನೆ ಕೊಟ್ಟಿದ್ದು ಪೊಲೀಸ್ ಸಿಬ್ಬಂದಿಗೆ. ಅದರಿಂದ ಕಾನೂನು ಬದಲಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಚಾಲಕರು ಲೈಸೆನ್ಸ್ ತೋರಿಸಲೇಬೇಕು. ಕಾನೂನುಬದ್ಧ ಸೂಚನೆ ಪಾಲಿಸದಿದ್ದರೆ 179ನೇ ಸೆಕ್ಷನ್ ಅಡಿ 2,000 ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಕುಡಿದಿರುವ ಬಗ್ಗೆ ಸಕಾರಣ ಅನುಮಾನವಿದ್ದರೆ 203ನೇ ಸೆಕ್ಷನ್ ಅಡಿ ಉಸಿರು ಪರೀಕ್ಷೆಗೂ ಒಳಪಡಿಸಬಹುದು.

ದಾಖಲೆಯ ಕಾಗದವೇ ಕೈಯಲ್ಲಿರಬೇಕು ಎಂದೇನಿಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿರುವ ಲೈಸೆನ್ಸ್ ಮತ್ತು ಆರ್‌ಸಿಗೆ ಮಾನ್ಯತೆ ಇದೆ. ಗ್ಯಾಲರಿಯಲ್ಲಿರುವ ಫೋಟೊವನ್ನು ಮಾತ್ರ ನೆಚ್ಚಿಕೊಳ್ಳಬೇಡಿ.

ಪೊಲೀಸರಿಗೂ ಮಿತಿ ಇದೆ

2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಡೆದ ದುರಂತ ನಿಮಗೆ ನೆನಪಿರಬಹುದು. ನಾಯಿ ಕಚ್ಚಿದ್ದ ಪುಟ್ಟ ಮಗಳನ್ನು ಬೈಕ್‌ನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಹೆತ್ತವರನ್ನು ಪೊಲೀಸರು ತಡೆದಾಗ ಬೈಕ್ ಉರುಳಿತು. ರಸ್ತೆಗೆ ಬಿದ್ದ ಮಗು ಮತ್ತೊಂದು ವಾಹನಕ್ಕೆ ಸಿಲುಕಿ ಮೃತಪಟ್ಟಿತು. ಮೂವರು ಎಎಸ್‌ಐಗಳನ್ನು ಅಮಾನತು ಮಾಡಲಾಯಿತು. ಇದರ ಬೆನ್ನಲ್ಲೇ ಪೊಲೀಸ್ ಮಹಾನಿರ್ದೇಶಕ ಎಂ.ಎ. ಸಲೀಂ ಅವರು ಹೊಸ ಮಾರ್ಗಸೂಚಿ ಹೊರಡಿಸಿದರು. ಕಾಣುವ ಉಲ್ಲಂಘನೆ ಇಲ್ಲದೆ ವಾಹನ ತಡೆಯಬಾರದು, ದಿಢೀರನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು, ವೇಗವಾಗಿ ಹೋಗುವವರನ್ನು ಬೆನ್ನಟ್ಟಬಾರದು ಎಂಬ ಅಂಶಗಳು ಅದರಲ್ಲಿವೆ.

ಇದೇ ಕಾರಣಕ್ಕೆ ನಿಲ್ಲಿಸದೆ ಹೋಗಿ ಎನ್ನುವ ಸಂದೇಶ ಅಪಾಯಕಾರಿ. ಪೊಲೀಸರು ತಡೆಯುವ ಭರದಲ್ಲಿ, ಸವಾರರು ತಪ್ಪಿಸಿಕೊಳ್ಳುವ ಭರದಲ್ಲಿ ಇದ್ದರೆ ಬೀಳುವುದು ಹಿಂದೆ ಕುಳಿತವರು.

ಯಾರೂ ನಿಲ್ಲಿಸಲಿಲ್ಲ, ದಂಡ ತಪ್ಪಿತೇ?

ಹಾಗೆಂದುಕೊಳ್ಳಬೇಡಿ. 2022ರ ಡಿಸೆಂಬರ್‌ನಿಂದ ಬೆಂಗಳೂರಿನ ಪ್ರಮುಖ ಜಂಕ್ಷನ್‌ಗಳಲ್ಲಿ ಐಟಿಎಂಎಸ್ ಕ್ಯಾಮೆರಾಗಳು ನಂಬರ್ ಪ್ಲೇಟ್ ಓದಿ ತಾವಾಗಿಯೇ ಕೇಸ್ ದಾಖಲಿಸುತ್ತಿವೆ. ದಂಡದ ಮಾಹಿತಿ ನೋಂದಾಯಿತ ಮೊಬೈಲ್‌ಗೆ ಬರುತ್ತದೆ.

ನಿಲ್ಲಿಸಿದಾಗ ಏನು ಮಾಡಬೇಕು?

• ಇಂಡಿಕೇಟರ್ ಹಾಕಿ, ಎಡಬದಿಗೆ ಬಂದು ಸುರಕ್ಷಿತವಾಗಿ ನಿಲ್ಲಿಸಿ.
• ಯಾವ ಉಲ್ಲಂಘನೆಗಾಗಿ ನಿಲ್ಲಿಸಿದಿರಿ ಎಂದು ಸೌಜನ್ಯದಿಂದ ಕೇಳಿ.
• ದಂಡ ಕಟ್ಟಿದರೆ ರಸೀದಿ ಪಡೆಯಿರಿ. ರಸೀದಿ ಇಲ್ಲದೆ ಹಣ ಕೊಡಬೇಡಿ.
• ತಪ್ಪು ಮಾಡಿಲ್ಲ ಎನಿಸಿದರೆ ಸ್ಥಳದಲ್ಲೇ ಕಟ್ಟಬೇಕಿಲ್ಲ, ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು.
• ಕೀ ಕಿತ್ತುಕೊಂಡರೆ ಅಥವಾ ಅನುಚಿತವಾಗಿ ವರ್ತಿಸಿದರೆ ನಾಮಫಲಕದ ಹೆಸರು, ಸ್ಥಳ, ಸಮಯ ಬರೆದುಕೊಂಡು ಮೇಲಧಿಕಾರಿಗಳಿಗೆ ದೂರು ನೀಡಿ.

ತೀರ್ಪು: ಅರ್ಧ ಸತ್ಯ

ದಾಖಲೆ ನೋಡಲೆಂದೇ ಸುಮ್ಮನೆ ವಾಹನ ತಡೆಯಬಾರದು ಎಂಬ ಸೂಚನೆ ಪೊಲೀಸರಿಗೆ ಇರುವುದು ನಿಜ. ಆದರೆ ಕೈ ತೋರಿಸಿದಾಗ ನಿಲ್ಲಬೇಕಿಲ್ಲ, ಲೈಸೆನ್ಸ್ ತೋರಿಸಬೇಕಿಲ್ಲ ಎಂಬುದು ಸುಳ್ಳು. ಮೊದಲು ಗಾಡಿ ನಿಲ್ಲಿಸಿ, ಪ್ರಶ್ನೆ ಆಮೇಲೆ ಕೇಳಿ. ಅರ್ಧ ಸತ್ಯದ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಉಳಿದರ್ಧವನ್ನೂ ಸೇರಿಸಿ ಹಂಚಿಕೊಳ್ಳಿ.