ಹಿಮದ ಹೊಳೆ ಮತ್ತು ತಾಮ್ರದ ತಂತಿ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಬೈದುಕೊಂಡಿದ್ದರೆ ಕ್ಷಮಿಸಿ. ಇವತ್ತಿನದು ಮೀನಿನ ವಿಷಯ. ಮೀನು ತಿನ್ನದ ಇವನು ಮೀನು ಹಿಡಿಯುವುದರ ಬಗ್ಗೆ ಏನು ಬರೆಯುತ್ತಾನೆ ಅಂತ ನಗಬೇಡಿ, ನಾನು ಹೇಳಹೊರಟ ಮೀನನ್ನು ಹಿಡಿದವರೂ ತಿನ್ನುವ ಹಾಗಿಲ್ಲ!

ಕೊಲೊರಾಡೊದ ರಾಕಿ ಪರ್ವತಗಳಲ್ಲಿ ಹುಟ್ಟಿ ಡೆನ್ವರ್ ನಗರದ ನಡುವೆ ಹರಿಯುವ ನದಿ ಸೌತ್ ಪ್ಲಾಟ್. ನಾನಿರುವುದೂ ಡೆನ್ವರಿನಲ್ಲೇ. ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ನನ್ನ ಸಹೋದ್ಯೋಗಿ ನದಿಯ ಮೇಲ್ಭಾಗದ ಚೀಸ್ಮನ್ ಕಣಿವೆಗೆ ಕರೆದುಕೊಂಡು ಹೋದ. ದಡದ ತುಂಬಾ ಹಿಮ. ಈ ಮಹಾಶಯ ನೀರು ತಾಗದ ಉಡುಪು ಹಾಕಿಕೊಂಡು ಹೊಳೆ ಮಧ್ಯೆ ನಿಂತುಬಿಟ್ಟ. ದಾರ ಹಾದುಹೋಗಲು ರಾಡಿನ ಉದ್ದಕ್ಕೂ ಬಳೆಗಳಿರುತ್ತವಲ್ಲ, ಅವುಗಳಲ್ಲಿ ಮತ್ತೆ ಮತ್ತೆ ಮಂಜುಗಡ್ಡೆ ಕಟ್ಟಿಕೊಳ್ಳುತ್ತಿತ್ತು, ಬೆರಳಿನಿಂದ ಕೀಳುತ್ತಿದ್ದ. "ಈ ಚಳಿಯಲ್ಲಿ ಮೀನು ಏನು ತಿನ್ನುತ್ತೆ ಮಾರಾಯ?" ಅಂದೆ. ಜೇಬಿನಿಂದ ಪುಟ್ಟ ಪೆಟ್ಟಿಗೆ ತೆಗೆದು ತೋರಿಸಿದ. ಅಕ್ಕಿಕಾಳಿಗಿಂತ ಚಿಕ್ಕ ಕೊಕ್ಕೆ, ಅದಕ್ಕೆ ತಾಮ್ರದ ತಂತಿಯ ಸುತ್ತು. ಅಷ್ಟೇ! ಮೋಟಾರ್ ರಿವೈಂಡಿಂಗ್ ಅಂಗಡಿಯ ನೆಲದ ಮೇಲೆ ಬಿದ್ದಿರುತ್ತಲ್ಲ, ಅಂಥ ತಂತಿ.

ಆ ತಂತಿಯ ಜಾಡು ಹಿಡಿದು ಓದಿದಾಗ ಸಿಕ್ಕ ಕತೆ ಇದು.

ಕೊಕ್ಕೆಗೆ ಗರಿ, ಉಣ್ಣೆ, ರೇಷ್ಮೆದಾರ ಸುತ್ತಿ ಹುಳದ ಹಾಗೆ ಕಾಣುವಂತೆ ಮಾಡುವುದಕ್ಕೆ ಫ್ಲೈ ಕಟ್ಟುವುದು ಅನ್ನುತ್ತಾರೆ. ತುಂಬಾ ಹಳೆಯ ವಿದ್ಯೆ. ಮ್ಯಾಸಿಡೋನಿಯಾದ ಜನ ಕೆಂಪು ಉಣ್ಣೆಯನ್ನೂ ಹುಂಜದ ಎರಡು ಗರಿಗಳನ್ನೂ ಕಟ್ಟಿ ಚುಕ್ಕೆ ಚುಕ್ಕೆಯ ಮೀನು ಹಿಡಿಯುತ್ತಿದ್ದರೆಂದು ಕ್ರಿ.ಶ. 200ರ ಸುಮಾರಿಗೆ ರೋಮಿನ ಏಲಿಯನ್ ಬರೆದಿಟ್ಟಿದ್ದಾನೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳಶಾಸ್ತ್ರವೊಂದರಲ್ಲಿ ಹನ್ನೆರಡು ಫ್ಲೈಗಳ ಪಟ್ಟಿಯಿದೆ. ಮಾರ್ಚಿಯಿಂದ ಆಗಸ್ಟ್‌ವರೆಗೆ ಯಾವ ತಿಂಗಳಿಗೆ ಯಾವುದು ಅಂತ. ಚಳಿಗಾಲಕ್ಕೆ ಒಂದೂ ಇಲ್ಲ ನೋಡಿ.

ವಿಕ್ಟೋರಿಯಾ ರಾಣಿಯ ಕಾಲಕ್ಕೆ ಇದು ಶ್ರೀಮಂತರ ಶೋಕಿಯಾಯಿತು. ಸಾಲ್ಮನ್ ಮೀನಿಗೆಂದು ಕಟ್ಟುತ್ತಿದ್ದ ಬಣ್ಣಬಣ್ಣದ ಫ್ಲೈಗಳಿಗೆ ಪ್ರಪಂಚದ ಮೂಲೆಮೂಲೆಯಿಂದ ಗರಿ ಬರಬೇಕಿತ್ತು. ಅದರಲ್ಲಿ ನಮ್ಮ ಪಶ್ಚಿಮಘಟ್ಟದ ಕಾಡುಕೋಳಿಯದೂ ಇತ್ತು! ಕಾಡುಹುಂಜದ ಕತ್ತಿನ ಗರಿಯಲ್ಲಿ ಮೇಣ ತೊಟ್ಟಿಕ್ಕಿದ ಹಾಗೆ ಬಿಳಿ-ಹಳದಿ ಬೊಟ್ಟುಗಳಿರುತ್ತವೆ, ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ. ಫ್ಲೈಯ ಎರಡೂ ಪಕ್ಕಕ್ಕೆ ಅದನ್ನು ಕಟ್ಟಿದರೆ ಥೇಟ್ ಮೀನಿನ ಕಣ್ಣು. 1902ರಲ್ಲಿ ಭಾರತ ಸರ್ಕಾರ ಕಾಡುಹಕ್ಕಿಗಳ ಗರಿ ರಫ್ತನ್ನು ನಿಷೇಧಿಸಿತು. ಅಷ್ಟರೊಳಗೆ ಎಷ್ಟು ಹುಂಜಗಳ ಕತ್ತು ಹಡಗು ಹತ್ತಿತ್ತೋ.

ಇರಲಿ, ಚಳಿಗಾಲಕ್ಕೆ ಬರೋಣ.

ಬೆಟ್ಟದ ಹೊಳೆಯಲ್ಲಿ ಚಳಿಗಾಲವೆಂದರೆ ಮೇಲೆ ಹೆಪ್ಪುಗಟ್ಟುವುದಷ್ಟೇ ಅಲ್ಲ. ವಿಪರೀತ ಚಳಿಯ ರಾತ್ರಿ ತಳದ ಕಲ್ಲುಗಳಿಗೂ ಮಂಜುಗಡ್ಡೆ ಅಂಟಿಕೊಳ್ಳುತ್ತದೆ. ಟ್ರೌಟ್ ಶೀತರಕ್ತದ ಪ್ರಾಣಿ. ನೀರು ತಣ್ಣಗಾದಂತೆ ಅದರ ಹಸಿವೂ ಕಡಿಮೆ, ಓಡಾಟವೂ ಕಡಿಮೆ. ಆಳದ ಮಡುವಿನಲ್ಲಿ, ಸೆಳವು ನಿಧಾನವಾಗಿರುವ ಕಡೆ ಸುಮ್ಮನೆ ತೂಗುತ್ತಾ ನಿಂತಿರುತ್ತದೆ. ಬೇಟೆಯ ಹಿಂದೆ ಹೋಗುವುದಿಲ್ಲ, ಮೂತಿಯ ಮುಂದೆಯೇ ಬಂದದ್ದಕ್ಕೆ ಬಾಯಿ ತೆರೆಯುತ್ತದೆ ಅಷ್ಟೆ. ಹಾಗಾಗಿ ಫ್ಲೈ ತಳಕ್ಕೆ ಇಳಿದು, ಹೊಳೆಯ ವೇಗದಲ್ಲೇ ತೇಲುತ್ತಾ ಸರಿಯಾಗಿ ಅಲ್ಲಿಗೇ ಹೋಗಬೇಕು. ಅದೂ ಮಧ್ಯಾಹ್ನದ ಮೂರ್ನಾಲ್ಕು ಗಂಟೆ ನೀರು ಚೂರು ಬೆಚ್ಚಗಾದಾಗ. ಬೆಳಿಗ್ಗೆ ಐದಕ್ಕೇ ಎದ್ದು ಹೋಗುವ ಹುಚ್ಚು ಇಲ್ಲಿಲ್ಲ, ಆ ಮಟ್ಟಿಗೆ ನನಗಿದು ಹಿಡಿಸಿತು!

ಆದರೆ ಚೀಸ್ಮನ್ ಕಣಿವೆಯಲ್ಲಿ ಹೊಳೆ ಪೂರ್ತಿ ಹೆಪ್ಪುಗಟ್ಟುವುದಿಲ್ಲ. ಕಾರಣ ಮೇಲುಗಡೆ ಇರುವ ಅಣೆಕಟ್ಟು. ಡೆನ್ವರಿಗೆ ಕುಡಿಯುವ ನೀರಿಗೆಂದು ಕಲ್ಲಿನಲ್ಲಿ ಕಟ್ಟಿದ್ದು, ಮುಗಿದದ್ದು 1905ರಲ್ಲಿ. 221 ಅಡಿ ಎತ್ತರ, ಆಗ ಜಗತ್ತಿನಲ್ಲೇ ಅತಿ ಎತ್ತರದ್ದು. ನೀರಿಗೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಂದ್ರತೆ ಹೆಚ್ಚು ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯೇ? ಜಲಾಶಯದ ಮೇಲೆ ಹಿಮದ ಹೊದಿಕೆ ಇದ್ದರೂ ತಳದಲ್ಲಿ ಆ 4 ಡಿಗ್ರಿಯ ನೀರು ಇರುತ್ತದೆ. ಕೆಳಗಿನ ತೂಬಿನಿಂದ ಅದನ್ನು ಬಿಟ್ಟರೆ ಮುಂದೆ ಒಂದಷ್ಟು ದೂರ ಹೊಳೆಗೆ ಡಿಸೆಂಬರಿನಲ್ಲೂ ಜೀವ. ಹೂಳೆಲ್ಲ ಜಲಾಶಯದಲ್ಲೇ ನಿಲ್ಲುವುದರಿಂದ ನೀರು ಕನ್ನಡಿಯಷ್ಟು ತಿಳಿ. ಇಂಥ ನೀರಿನಲ್ಲಿ ದೊಡ್ಡ ಹುಳಗಳು ಕಡಿಮೆಯಾಗಿ ಮಿಡ್ಜ್ ಎಂಬ, ಕಚ್ಚದ ಗುಂಗುರಿನಂಥ ಹುಳ ಹೆಚ್ಚುತ್ತದೆ. ಅದು ಚಳಿಗಾಲದಲ್ಲೂ ಮರಿಯಾಗುತ್ತದೆ, ರೆಕ್ಕೆ ಬಿಚ್ಚುತ್ತದೆ. ಟ್ರೌಟ್‌ಗೆ ಅದೇ ಊಟ.

ಇಷ್ಟು ಸಣ್ಣ ಹುಳವನ್ನು ಕಾಡುಕೋಳಿಯ ಗರಿಯಿಂದ ಕಟ್ಟಲಾಗುತ್ತದೆಯೇ? 1960ರ ದಶಕದಲ್ಲಿ ಇದೇ ಹೊಳೆಯಲ್ಲಿ ಗಾಳ ಹಾಕುತ್ತಿದ್ದ ಜೀನ್ ಲಿಂಚ್, ಕೆನ್ ಚಾಂಡ್ಲರ್ ಮೊದಲಾದ ಗೆಳೆಯರು ಬರೀ ತಾಮ್ರದ ತಂತಿ ಸುತ್ತಿ 'ಬ್ರ್ಯಾಸಿ' ಎಂಬ ಫ್ಲೈ ಮಾಡಿದರು. ತೂಕಕ್ಕೆ ತೂಕ, ಹೊಳಪಿಗೆ ಹೊಳಪು. ತಂತಿಯ ಸುತ್ತುಗಳೇ ಮರಿಹುಳದ ಮೈಯ ಉಂಗುರಗಳು. 1970ರ ದಶಕದಲ್ಲಿ ಕೊರಿಯಾದಿಂದ ಬಂದು ಇಲ್ಲಿ ನೆಲೆಸಿದ ರಿಮ್ ಚಂಗ್ ಎಂಬವರು ನೀರಿನಿಂದ ಮೇಲೆದ್ದು ರೆಕ್ಕೆ ಬಿಚ್ಚುವ ಹಂತದ ಹುಳಕ್ಕೆ 'ಆರ್‌ಎಸ್2' ಕಟ್ಟಿದರು. ಬೂದು ತುಪ್ಪಳ, ಒಂದೆರಡು ಎಳೆ ಗರಿ, ಮುಗಿಯಿತು. ಹೊರಗಿನಿಂದ ಬಂದವನ ಕಣ್ಣಿಗೆ ಅಲ್ಲಿಯವರಿಗೆ ಕಾಣದ್ದು ಕಾಣುತ್ತದೇನೋ, ವಲಸೆ ಬಂದ ನನಗೆ ಈ ಭಾಗ ವಿಶೇಷ ಇಷ್ಟ. ಅದೇ ದಶಕದಲ್ಲಿ ಕಣಿವೆಯಲ್ಲಿ ಹಿಡಿದ ಮೀನನ್ನು ವಾಪಸ್ ಬಿಡಬೇಕೆಂಬ ನಿಯಮವೂ ಬಂತು. ಒಮ್ಮೆ ಮೋಸಹೋದ ಮೀನು ಜಾಣನಾಗುತ್ತದೆ, ಹಾಗಾಗಿ ಫ್ಲೈಗಳು ಇನ್ನೂ ಚಿಕ್ಕದಾಗುತ್ತಾ ಹೋದವು.

ಆಮೇಲೆ ಬಂತು ಟೂ ಫೋರ್ಕ್ಸ್. ಕಣಿವೆಯ ಕೆಳಗೆ, ಉತ್ತರದ ಕವಲು ಸೌತ್ ಪ್ಲಾಟನ್ನು ಕೂಡುವ ಸಂಗಮದಲ್ಲಿ 615 ಅಡಿಯ ಅಣೆಕಟ್ಟು ಕಟ್ಟಬೇಕೆಂದು ಡೆನ್ವರಿನ ನೀರು ಮಂಡಳಿ ಮತ್ತು ಸುತ್ತಲಿನ ಉಪನಗರಗಳು 1980ರ ದಶಕದಲ್ಲಿ ಹೊರಟವು. ಕಟ್ಟಿದ್ದರೆ ಡೆಕರ್ಸ್ ಎಂಬ ಪುಟ್ಟ ಊರು ಸೇರಿ ಈ ಹೊಳೆಯ ಬಹುಭಾಗ ಮುಳುಗುತ್ತಿತ್ತು. ಟ್ರೌಟ್ ಅನ್‌ಲಿಮಿಟೆಡ್ ಮತ್ತಿತರ ಪರಿಸರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದವು. ಪರಿಸರ ರಕ್ಷಣಾ ಸಂಸ್ಥೆಯ ಮುಖ್ಯಸ್ಥ ವಿಲಿಯಂ ರೈಲಿ 1989ರ ಮಾರ್ಚಿಯಲ್ಲಿ ತಡೆಯುವ ಪ್ರಕ್ರಿಯೆ ಶುರುಮಾಡಿ, 1990ರ ನವೆಂಬರಿನಲ್ಲಿ ಯೋಜನೆಗೆ ಪೂರ್ಣವಿರಾಮ ಹಾಕಿದರು. ಅವರನ್ನು ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷ ಹಿರಿಯ ಬುಷ್ ಅನ್ನುವುದನ್ನೂ ಮರೆಯಬಾರದು.

ಇದರಲ್ಲೊಂದು ತಮಾಷೆ ನೋಡಿ. ಒಂದು ಅಣೆಕಟ್ಟು ಕೊಟ್ಟ ಚಳಿಗಾಲದ ಹೊಳೆಯನ್ನು ಇನ್ನೊಂದು ಅಣೆಕಟ್ಟಿನಿಂದ ಉಳಿಸಿದ್ದು! ಮೀನುಗಳೂ ಇಲ್ಲಿಯವಲ್ಲ. ಬ್ರೌನ್ ಟ್ರೌಟ್ ಯುರೋಪಿನದು, ರೇನ್‌ಬೋ ಪೆಸಿಫಿಕ್ ಕರಾವಳಿ ಕಡೆಯದು. ಈ ನದಿಯ ಮೂಲನಿವಾಸಿ ಗ್ರೀನ್‌ಬ್ಯಾಕ್ ಕಟ್‌ತ್ರೋಟ್ ಎಂಬ ಟ್ರೌಟ್. ಅದರ ಅಪ್ಪಟ ವಂಶ ಉಳಿದಿದ್ದು ಬೇರೆಯದೇ ನದಿಗೆ ಸೇರುವ ಬೇರ್ ಕ್ರೀಕ್ ಎಂಬ ಒಂದೇ ಒಂದು ತೊರೆಯಲ್ಲಿ ಎಂದು 2012ರ ವಂಶವಾಹಿ ಅಧ್ಯಯನ ಹೇಳಿತು. "ಹಾಗಾದರೆ ನೀವು ಉಳಿಸಿದ್ದು ಯಾವ ಪ್ರಕೃತಿಯನ್ನು?" ಅಂತ ಸಹೋದ್ಯೋಗಿಯನ್ನು ಕೆಣಕಿದೆ. "ಮುಳುಗಿದ್ದರೆ ಈ ಪ್ರಶ್ನೆ ಕೇಳೋಕೆ ನೀನು ಎಲ್ಲಿ ನಿಂತ್ಕೋತಿದ್ದೆ?" ಅಂದ. ಉತ್ತರ ಹೊಳೆಯಲಿಲ್ಲ.

ಉಳಿದ ಹೊಳೆಗೂ ನೆಮ್ಮದಿ ಇರಲಿಲ್ಲ. 2002ರ ಜೂನಿನ ಹೇಮನ್ ಕಾಡ್ಗಿಚ್ಚಿನಲ್ಲಿ ಸುಮಾರು 1.38 ಲಕ್ಷ ಎಕರೆ ಸುಟ್ಟಿತು. ಮುಂದಿನ ಮಳೆಗಳಲ್ಲಿ ಬೂದಿ, ಪುಡಿಗಲ್ಲು ಕೊಚ್ಚಿಬಂದು ಹೊಳೆ ಸೇರಿದವು. ಸುಟ್ಟ ಮರಗಳ ಕಪ್ಪು ಬೊಡ್ಡೆಗಳನ್ನು ನಾನೂ ನೋಡಿದ್ದೇನೆ.

ಕಳೆದ ಡಿಸೆಂಬರಿನಲ್ಲಿ ನಾನೂ ಒಂದು ಬ್ರ್ಯಾಸಿ ಕಟ್ಟಲು ಕೂತಿದ್ದೆ. ಹಾಳಾದ ಮಿಕ್ಸಿಯ ಮೋಟಾರಿನಿಂದ ತಂತಿ ಬಿಚ್ಚಿಕೊಂಡು, ಚಾಳೀಸು ಏರಿಸಿಕೊಂಡು. ಒಂಬತ್ತನೇ ಸುತ್ತಿಗೆ ತಂತಿ ಪಟ್ಟಂತ ತುಂಡಾಯಿತು. ಮಿಕ್ಸಿ ಬಿಚ್ಚಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡದ್ದು ಬೇರೆ.